ಪಿಸ್ತೂಲಿಗೆ ಕರವಸ್ತ್ರ ಹೊದೆಸುವ ಮಾವ

ನಮ್ಮ ಮಾವ ಈ ಜನ್ಮದಲ್ಲಿ ಒಂದು ಗುಂಡೂ ಹಾರಿಸಿದವರಲ್ಲ. ದೀಪಾವಳಿಗೆ ಎದುರು ಮನೆಯ ಮಗು ಕೇಪು ಹೊಡೆದರೂ ಕಿವಿ ಮುಚ್ಚಿಕೊಂಡು ಒಳಗೆ ನಡೆಯುವವರು. ಜಿರಳೆ ಕಂಡರೆ ಕುರ್ಚಿ ಹತ್ತಿ ಅತ್ತೆಯನ್ನು ಕೂಗುವವರು. ಇಂಥ ಮನುಷ್ಯ ಕತಾರ್ ದೇಶದಲ್ಲಿ ಕೂತು, ಯುದ್ಧದಲ್ಲಿ ಶತ್ರುವಿನ ಕೈಯಿಂದ ಕಿತ್ತುಕೊಂಡ ಪಿಸ್ತೂಲು ಯಾವುದು, ಹಾಗೆಂದು ಬುರುಡೆ ಬಿಟ್ಟು ಮಾರಲು ತಂದದ್ದು ಯಾವುದು ಎಂದು ತೀರ್ಪು ಕೊಡುತ್ತಾರೆ ಎಂದರೆ ನೀವು ನಂಬುತ್ತೀರಾ?

ನಾನಂತೂ ನಂಬಿರಲಿಲ್ಲ. ನಂಬದಿರುವುದೇ ನನ್ನ ವಿದ್ಯೆ. ಮೈಸೂರಿನ ಕಾಲೇಜಿನಲ್ಲಿದ್ದಾಗ ಚರ್ಚಾಸ್ಪರ್ಧೆಗಳಿಗೆ ಹೋಗಿ ಹೋಗಿ, ಯಾರಾದರೂ "ಇವತ್ತು ಬಿಸಿಲು ಜಾಸ್ತಿ" ಎಂದರೂ "ಆಧಾರವೇನು?" ಎಂದು ಕೇಳುವ ಚಟ ಹತ್ತಿಸಿಕೊಂಡವನು ನಾನು. ಮಾವನ ಹೆಸರನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಬರೆದರೆ ಬರುವ ಶುಕ್ರವಾರ ನನ್ನನ್ನೇ ಎದುರಿಗೆ ಕೂರಿಸಿ ವಿಚಾರಣೆ ಶುರು ಮಾಡಿಯಾರು!

ಕ್ರೀಡಾಕೂಟ ಬರುತ್ತದೆಂದು ದೋಹಾವನ್ನು ಊರಿಡೀ ಅಗೆದು ಹಾಕಿದ್ದ ಕಾಲ ಅದು. ಬೆಳಿಗ್ಗೆ ಎಡಕ್ಕೆ ತಿರುಗಿದ್ದ ರಸ್ತೆ ಸಂಜೆ ಬಲಕ್ಕೆ ತಿರುಗಿರುತ್ತಿತ್ತು. ನಾನು ಹೊಸದಾಗಿ ಕೆಲಸ ಸಿಕ್ಕಿ ಬಂದವನು, ದೋಹಾ ಅಲ್ ಜದೀದಾದಲ್ಲಿದ್ದ ಮಾವನ ಫ್ಲ್ಯಾಟಿನಲ್ಲಿ ಬಿಡಾರ ಹೂಡಿದ್ದೆ. ಮಾವ ನನ್ನ ಅಮ್ಮನ ಅಣ್ಣ, ಉಡುಪಿ ಕಡೆಯವರು, ಒಬ್ಬ ಹಿರಿಯ ಕತಾರಿ ಯಜಮಾನರ ಟ್ರೇಡಿಂಗ್ ಕಂಪನಿಯಲ್ಲಿ ಪರ್ಚೇಸ್ ಮ್ಯಾನೇಜರು. ಅತ್ತೆಯ ಜೊತೆ ತುಳು, ನನ್ನ ಜೊತೆ ಕನ್ನಡ. ನನಗೆ ತುಳು ಕಿವಿಗೆ ಹೋಗುತ್ತದೆ, ಬಾಯಿಗೆ ಬರುವುದಿಲ್ಲ.

ಬಂದ ಮೊದಲ ಶುಕ್ರವಾರ ಊಟ ಮುಗಿಸಿ ಕಾಲು ಚಾಚಿದ್ದೆ. ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಜೇಬಿನಲ್ಲಿ ಮಡಿಸಿದ ಬಿಳಿ ಕರವಸ್ತ್ರ ಇಟ್ಟು ಬಂದು ನಿಂತರು.

"ಯಲ್ಲಾ, ಪ್ಯಾಂಟು ಹಾಕು ಮಾರಾಯ. ಅರಬಾಬ್‌ರ ಮಜ್ಲಿಸಿಗೆ ಹೋಗ್ಲಿಕ್ಕುಂಟು."

ಅರಬಾಬ್ ಎಂದರೆ ಯಜಮಾನರು. ಮಜ್ಲಿಸ್ ಎಂದರೆ ಅವರ ಮನೆಯಲ್ಲಿ ಗಂಡಸರು ಕೂತು ಹರಟುವ ದೊಡ್ಡ ಕೋಣೆ. ಬಿರಿಯಾನಿಯ ಆಸೆಯಲ್ಲಿ ಹೊರಟೆ. ಐನ್ ಖಾಲಿದ್ ಕಡೆಯ ಆ ವಿಲ್ಲಾದೊಳಗೆ ಕಾಲಿಟ್ಟವನು ಗೋಡೆ ನೋಡಿ ಅಲ್ಲೇ ಕಲ್ಲಾದೆ. ಗೋಡೆಯ ತುಂಬ ಪಿಸ್ತೂಲು! ನಮ್ಮ ಮನೆಗಳಲ್ಲಿ ದೇವರ ಫೋಟೋ ಸಾಲಾಗಿ ತೂಗುಹಾಕುತ್ತೇವಲ್ಲ, ಹಾಗೆ.

"ಹೆದರ್ಬೇಡ," ಎಂದರು ಮಾವ. "ಇವಕ್ಕೆಲ್ಲ ಹಲ್ಲು ಕಿತ್ತಾಗಿದೆ. ಲೈಸೆನ್ಸ್ ಕೂಡ ಉಂಟು. ಗುಂಡು ಹಾಕಿದ್ರೆ ಗುಂಡಿಗೇ ಅವಮಾನ."

ಅಜ್ಜನ ಕಾಲದ ಯುದ್ಧಗಳಲ್ಲಿ ಸೆರೆ ಸಿಕ್ಕ ಪಿಸ್ತೂಲುಗಳಂತೆ ಅವು. ಅರಬಾಬ್ ತಮ್ಮ ಪ್ರಾಯದಿಂದ ಕೂಡಿಹಾಕಿದ್ದು. ಆದರೆ ನನ್ನ ಕಣ್ಣು ಹೋದದ್ದು ಕೋಣೆಯ ಮೂಲೆಗೆ. ಅಲ್ಲೊಂದು ಭರ್ಜರಿ ಗಾಜಿನ ಕಪಾಟು. ಒಳಗೆ ಮಖಮಲ್ಲಿನ ಹಾಸು, ಮೇಲಿಂದ ಪುಟ್ಟ ಪುಟ್ಟ ದೀಪ, ಪಕ್ಕದಲ್ಲಿ ಬೀಗ. ಒಳಗಿದ್ದದ್ದು? ಏನೂ ಇಲ್ಲ! ಮಾಫಿ!

"ಅದು ಕುವೈತ್ ಯುದ್ಧದ, ಆಮೇಲಿನ ಬಾಗ್ದಾದ್ ಯುದ್ಧದ ಪಿಸ್ತೂಲಿಗೆ ಮಾಡಿಸಿದ್ದು," ಎಂದರು ಅರಬಾಬ್, ಮುರುಕು ಹಿಂದಿಯಲ್ಲಿ. "ನಿನ್ನ ಮಾವ ಒಂದನ್ನೂ ಒಳಗೆ ಬಿಟ್ಟಿಲ್ಲ. ಬೀಗ ಹಾಕಿ ಗಾಳಿ ಕಾಯ್ತಾ ಇದ್ದೇನೆ." ಹೇಳಿ ಹೊಟ್ಟೆ ಕುಣಿಸಿ ನಕ್ಕರು.

ಮಾವ ಆ ಹುದ್ದೆಗೇರಿದ್ದು ಅಕಸ್ಮಾತ್ತಾಗಿಯಂತೆ. ಯಾವುದೋ ಕಾಗದಕ್ಕೆ ಸಹಿ ಹಾಕಿಸಲು ಮಜ್ಲಿಸಿಗೆ ಹೋಗಿದ್ದರು. ಅಲ್ಲೊಬ್ಬ ಪಿಸ್ತೂಲು ಮಾರಲು ಬಂದವನು ತನ್ನ ಶೌರ್ಯ ಬಣ್ಣಿಸುತ್ತಿದ್ದ. ಮಾವ ಸುಮ್ಮನಿರಲಾರದೆ ಒಂದೇ ಒಂದು ಪ್ರಶ್ನೆ ಕೇಳಿದರು. ಅವನು "ನೀರು ಕುಡಿದು ಬರ್ತೇನೆ" ಎಂದು ಎದ್ದು ಹೋದವನು ಈವರೆಗೆ ನೀರು ಕುಡಿದು ಮುಗಿಸಿಲ್ಲ. ಅಂದಿನಿಂದ ಮಾವನೇ ನ್ಯಾಯಾಧೀಶರು.

ಇನ್ನು ಅವರ ಪರೀಕ್ಷಾ ವಿಧಾನ. ಓದುಗರೇ, ಗಟ್ಟಿಯಾಗಿ ಕೂತುಕೊಳ್ಳಿ. ಅವರು ಪಿಸ್ತೂಲನ್ನು ನೋಡುವುದೇ ಇಲ್ಲ! ಮಾರುವವನು ಅದನ್ನು ಮೇಜಿನ ಮೇಲಿಟ್ಟ ಕೂಡಲೇ ಜೇಬಿನಿಂದ ಬಿಳಿ ಕರವಸ್ತ್ರ ತೆಗೆದು, ಮಲಗಿದ ಮಗುವಿಗೆ ಹೊದೆಸಿದಂತೆ ಅದರ ಮೇಲೆ ಹೊದೆಸಿಬಿಡುತ್ತಾರೆ. "ಪಿಸ್ತೂಲು ಮಾತಾಡೂದಿಲ್ಲ. ನೀವು ಮಾತಾಡಿ," ಎನ್ನುತ್ತಾರೆ.

ಆ ದಿನ ಬಂದವನು ತಂದದ್ದು ಬಂಗಾರ ಬಣ್ಣದ ಪಿಸ್ತೂಲು. ಬಾಗ್ದಾದಿನ ಅರಮನೆಯಲ್ಲಿ ತಾನೇ ಕೈಯಾರೆ ಹಿಡಿದದ್ದಂತೆ. ಆಗೆಲ್ಲ ಬರುತ್ತಿದ್ದವರು ಮುಕ್ಕಾಲು ಪಾಲು ಅರಮನೆಯವರೇ. ಅಷ್ಟು ಜನ ಒಟ್ಟಿಗೆ ನುಗ್ಗಿದ್ದರೆ ಅರಮನೆಯ ಬಾಗಿಲಲ್ಲಿ ಟೋಕನ್ ಕೊಡಬೇಕಾಗಿತ್ತು!

"ಅರಮನೆಗೆ ಯಾವ ಬಾಗಿಲಲ್ಲಿ ಹೋದ್ರಿ?" ಮಾವ ಕೇಳಿದರು.

"ಎದುರಿನ ಬಾಗಿಲಲ್ಲಿ."

"ಯುದ್ಧ ನಡೀತಾ ಇರುವಾಗ ಎದುರಿನ ಬಾಗಿಲಲ್ಲಿ! ಬೆಲ್ ಮಾಡಿದ್ರಾ?"

ಮಜ್ಲಿಸ್ ಗೊಳ್ಳೆಂದಿತು. ಅವನು ಬಾಗಿಲು ಬದಲಿಸಿದ, ಹೊತ್ತು ಬದಲಿಸಿದ, ಕೊನೆಗೆ ಅರಮನೆಯ ಊರನ್ನೇ ಬದಲಿಸಿದ. ಆಗ ಮಾವ ತಮ್ಮ ಕೊನೆಯ ಪ್ರಶ್ನೆ ಬಿಟ್ಟರು.

"ಹಿಡಿದದ್ದು ನೀವು, ಸರಿ. ಯಾರಿಂದ ಹಿಡಿದ್ರಿ?"

"ಯಾರಿಂದ ಅಂದರೆ? ಶತ್ರುವಿನಿಂದ."

"ಶತ್ರುವಿಗೆ ಮುಖ ಇರ್ಲಿಲ್ವಾ?"

ಅವನ ಹತ್ತಿರ ಮುಖವಿರಲಿಲ್ಲ. ಮಾವ ಕರವಸ್ತ್ರ ಎತ್ತಿದರು. ಅದಕ್ಕೆ ಹಳದಿ ಹತ್ತಿತ್ತು. ಬಂಗಾರ ಇನ್ನೂ ಪೂರ್ತಿ ಒಣಗಿರಲಿಲ್ಲ!

"ನಕಲಿ," ಎಂದರು ಮಾವ. ಅರಬಾಬ್ ಚಪ್ಪಾಳೆ ತಟ್ಟಿ ಚಹಾ ತರಿಸಿದರು. ಅವರಿಗೆ ಪಿಸ್ತೂಲಿಗಿಂತ ಈ ವಿಚಾರಣೆಯೇ ಮಜಾ ಎಂದು ಅವತ್ತೇ ನನಗೆ ಗುಮಾನಿ ಬಂತು.

ಮರಳುವಾಗ ಕಾರಿನಲ್ಲಿ ನಾನು ವಾದ ಹೂಡಿದೆ.

"ಮಾವ, ಇದು ಯಾವ ಸೀಮೆ ಪರೀಕ್ಷೆ? ವಸ್ತು ನೋಡದೆ ಕಥೆ ಕೇಳಿ ತೀರ್ಪು ಕೊಡೋದಾ? ಸುಳ್ಳುಗಾರನ ಕೈಯಲ್ಲೂ ನಿಜವಾದ ಪಿಸ್ತೂಲು ಇರಬಹುದಲ್ವಾ?"

"ಇರಬಹುದು."

"ಮತ್ತೆ?"

"ಗೆದ್ದವನ ಕಥೆ ಯಾರು ಬೇಕಾದ್ರೂ ಹೇಳ್ತಾರೆ ಮಾರಾಯ. ನಿಜವಾಗಿ ಹಿಡಿದವನಿಗೆ ಸೋತವನ ಮುಖ ಮರೆತು ಹೋಗೂದಿಲ್ಲ."

ಈ ಮಾತಿನ ಮೂಲ ತಾಳಮದ್ದಲೆ. ವೇಷವಿಲ್ಲದ, ಕುಣಿತವಿಲ್ಲದ ಯಕ್ಷಗಾನ ಅದು. ಪಾತ್ರಧಾರಿಗಳು ಪಂಚೆ ಉಟ್ಟು ಎದುರುಬದುರು ಕೂತು, ಹಾಡು ನಿಂತಾಗಲೆಲ್ಲ ಬಾಯಿಗೆ ಬಂದ ಮಾತಿನಲ್ಲೇ ಜಟಾಪಟಿ ಮಾಡುತ್ತಾರೆ. ದೋಹಾದ ನಮ್ಮ ಕರಾವಳಿಯವರು ವರ್ಷಕ್ಕೊಮ್ಮೆ ಯಾವುದಾದರೂ ಹಾಲ್ ಹಿಡಿದು ಮಾಡುತ್ತಿದ್ದರು. ಮಾವನಿಗೆ ಅಲ್ಲಿ ಒಂದೇ ಹಟ. ಕೊನೆಗೆ ಸೋಲಬೇಕಾದ ರಾಜನ ಪಾತ್ರವೇ ಬೇಕು. ಆ ಸಲ ಗೆಲ್ಲಬೇಕಾದ ದೇವರ ಪಾತ್ರ ಸಿಕ್ಕಿದ್ದು ಒಬ್ಬ ಬ್ಯಾಂಕ್ ಅಧಿಕಾರಿಗೆ. ಮಾವ ಅವರನ್ನು ಎಂಥ ಪ್ರಶ್ನೆಗಳಲ್ಲಿ ಸಿಕ್ಕಿಸಿದರೆಂದರೆ, ಪಾಪ ದೇವರು ಬೆವರು ಒರೆಸಿಕೊಂಡು "ಇದಕ್ಕೆ ಉತ್ತರ ಮುಂದಿನ ವರ್ಷ ಹೇಳ್ತೇನೆ" ಎಂದುಬಿಟ್ಟರು! ಭಾಗವತರು ಗಡಿಬಿಡಿಯಲ್ಲಿ ಮುಂದಿನ ಪದ್ಯ ಎತ್ತಿ ದೇವರ ಮಾನ ಉಳಿಸಿದರು.

ನಾನೂ ಸುಮ್ಮನಿರುವ ಪೈಕಿಯಲ್ಲ. ಆಫೀಸಿನ ಇಂಟರ್ನೆಟ್ಟಿನಲ್ಲಿ ಹುಡುಕಿ, ಇರಾಕಿನಲ್ಲಿ ತಯಾರಾದ ಪಿಸ್ತೂಲುಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಹಿಡಿಯ ಮೇಲಿನ ಯೋಧನ ಮುಖ, ಮುದ್ರೆ ಒತ್ತುವ ಜಾಗ, ಮೇಲಿನ ಭಾಗದ ಸಂಖ್ಯೆಗೂ ಕೆಳಗಿನದಕ್ಕೂ ಇರಬೇಕಾದ ಹೊಂದಾಣಿಕೆ, ಎಲ್ಲ. ಮುಶೈರಿಬ್‌ ಪೇಟೆಯಲ್ಲಿ ಒಂದು ಭೂತಗನ್ನಡಿಯನ್ನೂ ಕೊಂಡೆ. ಒಂದು ಶುಕ್ರವಾರ ಬಂದ ಪಿಸ್ತೂಲನ್ನು ಕರವಸ್ತ್ರ ಬೀಳುವ ಮೊದಲೇ ಎತ್ತಿ ನೋಡಿದೆ, ಅದು ನನ್ನ ಅಷ್ಟೂ ಪರೀಕ್ಷೆಗಳಲ್ಲಿ ಪಾಸಾಯಿತು. ಮಾರುವವನ ಕಥೆಯೂ ನೆಟ್ಟಗಿತ್ತು. ಯಾರಿಂದ ಎಂದಾಗ, "ಗಡ್ಡದ ಒಬ್ಬ ಸಿಪಾಯಿ, ಅಳ್ತಾ ಇದ್ದ" ಎಂದೂ ಹೇಳಿದ. ಮಾವ ಕರವಸ್ತ್ರ ಎತ್ತಿ ಜೇಬಿಗೆ ಹಾಕಿಕೊಂಡರು.

"ನಕಲಿ."

ನಾನು ಹೌಹಾರಿದೆ! ಇದಕ್ಕಿಂತ ಅಸಲಿ ಬೇಕಾದರೆ ಯುದ್ಧವನ್ನೇ ಇನ್ನೊಮ್ಮೆ ಮಾಡಿಸಬೇಕಾಗಿತ್ತು. ಕಾರಿನ ಬಾಗಿಲು ಹಾಕಿದವನೇ ಸಿಡಿದೆ.

"ನೀವು ಇಷ್ಟು ವರ್ಷದಲ್ಲಿ ಒಂದೇ ಒಂದು ಸಲ ಅಸಲಿ ಅಂದಿದ್ದುಂಟಾ? ತೀರ್ಪುಗಾರರೇ ಪಕ್ಷಪಾತಿ ಆದ್ರೆ ಚರ್ಚೆ ಯಾತಕ್ಕೆ?"

"ಹೌದು, ನಾನು ಪಕ್ಷಪಾತಿಯೇ," ಎಂದು ಮಾವ ಸಿಗ್ನಲ್ ನೋಡುತ್ತಾ ಕೂತರು. ಎದುರಾಳಿ ಆರೋಪವನ್ನು ಒಪ್ಪಿಕೊಂಡುಬಿಟ್ಟರೆ ಮುಂದೇನು ಮಾಡಬೇಕೆಂದು ನಮಗೆ ಯಾವ ಕಾಲೇಜೂ ಹೇಳಿಕೊಟ್ಟಿಲ್ಲ.

ಉತ್ತರ ಸಿಕ್ಕಿದ್ದು ಅಡುಗೆಮನೆಯಲ್ಲಿ. ಅಲ್ಲಿ ಸ್ಟೀಲಿನ ಸೌಟುಗಳ ಸಾಲಿನಲ್ಲಿ ಒಂದು ಬಿದಿರಿನ ಕೋಲು ನೇತಾಡುತ್ತಿತ್ತು. ತೆಂಗಿನ ಚಿಪ್ಪಿನ ಸೌಟಿಗೆ ಹಿಡಿ ಇರುತ್ತದಲ್ಲ, ಅದು. ಹಿಡಿ ಮಾತ್ರ, ಚಿಪ್ಪಿಲ್ಲ. ಮರುದಿನ ಪಾತ್ರೆ ಒರೆಸಿಡುವಾಗ ನಾನು ಅದನ್ನು ತೆಗೆದು ಕಸದ ಬುಟ್ಟಿಯತ್ತ ಕೈ ಚಾಚಿದ್ದಷ್ಟೆ.

"ಮುಟ್ಬೇಡ!" ಅತ್ತೆ ಕಿರುಚಿದ ರಭಸಕ್ಕೆ ನನ್ನ ಕೈಯಿಂದ ಲೋಟ ಬಿತ್ತು.

"ಚಿಪ್ಪಿಲ್ಲದ ಸೌಟು ಎಂತಕ್ಕೆ ಅತ್ತೆ?" ನಾನೂ ಅವರ ಧಾಟಿಯಲ್ಲೇ ಕೇಳಿದೆ.

"ನಿನ್ನಂಥವರಿಗೆ ಬಾರಿಸ್ಲಿಕ್ಕೆ." ಆಮೇಲೆ ಅದನ್ನು ಸೆರಗಿನಲ್ಲಿ ಒರೆಸಿ ಕೊಕ್ಕೆಗೆ ಸಿಕ್ಕಿಸಿದರು. "ನಿನ್ನ ಮಾವ ನಿನಗೆ ಹೇಳ್ಲಿಲ್ವಾ? ಹೇಳೂದಿಲ್ಲ ಅವರು. ಬಾಯಿ ಇರೂದು ಬೇರೆಯವರ ವಿಚಾರಣೆಗೆ ಮಾತ್ರ."

ಅತ್ತೆ ಹೇಳಿದ್ದು ಇಷ್ಟು. ದೋಹಾಕ್ಕೆ ಬರುವ ಮೊದಲು ಅವರಿಬ್ಬರೂ ಕುವೈತಿನಲ್ಲಿದ್ದರು. ಮಾವನಿಗೆ ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸ. ಆಗ್ಗೆ ಹದಿನೈದು ವರ್ಷದ ಹಿಂದೆ, ಇರಾಕಿನ ಸೈನ್ಯ ನುಗ್ಗಿದ ಆ ಆಗಸ್ಟ್ ತಿಂಗಳಲ್ಲಿ, ಎಲ್ಲ ಬಿಟ್ಟು ಕೈಚೀಲ ಹಿಡಿದು, ಜೋರ್ಡಾನಿಗೆ ಹೊರಟ ಬಸ್ಸು ಹತ್ತಿದರು. ದಾರಿಯಲ್ಲಿ ಸೈನಿಕರು ಬಸ್ಸು ತಡೆದರು. ಅಲ್ಲಿದ್ದ ಇರಾಕಿ ಅಧಿಕಾರಿಯ ಅಂಗೈಗೆ ಬಟ್ಟೆ ಸುತ್ತಿತ್ತು, ಅದರಲ್ಲಿ ರಕ್ತ. ಅವನ ಪಿಸ್ತೂಲಿನ ಹಿಡಿಯ ಒಂದು ಬದಿ ಒಡೆದು, ಹಿಡಿದಾಗಲೆಲ್ಲ ಚೂಪು ಅಂಚು ಕೈ ಕೊಯ್ಯುತ್ತಿತ್ತು. ಆ ಸಿಟ್ಟಿಗೆ ಯಾವ ಬಸ್ಸನ್ನೂ ಬಿಡುತ್ತಿರಲಿಲ್ಲ.

"ಎಲ್ಲರೂ ದೇವರನ್ನು ಕರೀತಾ ಇದ್ರೆ ಇವರು ಎದ್ದು, ನಾನು ಸರಿ ಮಾಡಿ ಕೊಡ್ತೇನೆ ಅಂದ್ರು! ಚೀಲದಲ್ಲಿ ಇದ್ದದ್ದು ಒಂದು ಅರ, ಒಂದು ಸ್ಕ್ರೂಡ್ರೈವರ್. ಹಾಕ್ಲಿಕ್ಕೆ ಎಂತ ಉಂಟು? ಸೀದಾ ನನ್ನ ಚೀಲಕ್ಕೆ ಕೈ ಹಾಕಿದ್ರು. ನನ್ನ ಅಮ್ಮ ಕೊಟ್ಟ ಸೌಟು! ಲಟಕ್ಕಂತ ಚಿಪ್ಪು ಮುರಿದು, ಆ ಬಿಸಿಲಲ್ಲಿ ರಸ್ತೆ ಬದಿ ಕೂತು ಅರದಲ್ಲಿ ತಿಕ್ಕಿದ್ದೇ ತಿಕ್ಕಿದ್ದು. ಅಂಗೈಗೆ ಸಮಾ ಕೂತಿತು. ಅವನು ಹಿಡಿದು ನೋಡಿ ನಕ್ಕ. ಕರ್ರಗೆ ಮೀಸೆ, ಕರ್ರಗೆ ಕೂದಲು, ಕನ್ನಡಕದ ಕಾಲಿಗೆ ದಾರ. ಎದುರು ಹಲ್ಲಿನ ಸಂದಿಯಲ್ಲಿ ನಮ್ಮ ಬಸ್ಸೇ ದಾಟಬಹುದಿತ್ತು! ಶಾಲೆ ಮಾಷ್ಟ್ರಂತೆ. ಭೂಗೋಳ. ಎಳ್ಕೊಂಡು ಬಂದು ಯೂನಿಫಾರ್ಮ್ ಹಾಕಿಸಿದ್ದು. ನಿಮ್ಮ ಊರಲ್ಲಿ ಮಳೆ ಯಾವ ತಿಂಗಳು ಶುರು ಅಂತ ಇವರಲ್ಲಿ ಕೇಳಿದ. ಜೂನ್ ಅಂದ್ರು. ಸರಿ ಉತ್ತರ ಅಂತ ಬಸ್ಸು ಬಿಟ್ಟ."

ಬಿಟ್ಟದ್ದಷ್ಟೇ ಅಲ್ಲ, ತನ್ನ ನೀರಿನ ಕ್ಯಾನನ್ನೂ ಬಸ್ಸಿಗೆ ಏರಿಸಿ ಕಳಿಸಿದನಂತೆ. ಮುಂದಿನ ಫೆಬ್ರವರಿಯಲ್ಲಿ ಮಾವ ಊರಿನಲ್ಲಿ ಕೂತು, ಕುವೈತಿನಿಂದ ಹಿಂದಿರುಗುತ್ತಿದ್ದ ಆ ಸೈನ್ಯ ರಸ್ತೆಯುದ್ದಕ್ಕೂ ಸುಟ್ಟು ಬಿದ್ದದ್ದನ್ನು ಟಿವಿಯಲ್ಲಿ ನೋಡಿದರು. ಆ ದಿನ ಊಟ ಮಾಡಲಿಲ್ಲ.

"ಆ ಪಿಸ್ತೂಲು ಅರಬಾಬ್‌ರ ಕಪಾಟಿಗೆ ಬಂತು ಅಂದ್ರೆ ಮಾಷ್ಟ್ರು ಇಲ್ಲ ಅಂತ ಲೆಕ್ಕ," ಎಂದರು ಅತ್ತೆ.

"ಅದೊಂದು ಸರಿ. ಉಳಿದವನ್ನೆಲ್ಲ ಯಾಕೆ ನಕಲಿ ಅನ್ನೋದು?"

"ಪ್ರತಿಯೊಂದು ಪಿಸ್ತೂಲಿಗೂ ಒಬ್ಬ ಮಾಷ್ಟ್ರು ಇರೂದಿಲ್ವಾ?"

ಇದು ತರ್ಕವಲ್ಲ, ಬರೀ ಭಾವುಕತೆ ಎಂದು ಹೇಳಲು ಬಾಯಿ ತೆರೆದೆ. ಅತ್ತೆ ಕೊಕ್ಕೆಯತ್ತ ನೋಡಿದರು. ಮುಚ್ಚಿದೆ. ಆದರೂ ಮನಸ್ಸಿನಲ್ಲೇ ಅಂದುಕೊಂಡೆ: ಸಾವಿರಗಟ್ಟಲೆ ಪಿಸ್ತೂಲುಗಳಲ್ಲಿ ಅದೊಂದೇ ಹುಡುಕಿಕೊಂಡು ಐನ್ ಖಾಲಿದಿಗೆ ಬರುತ್ತದೆಯೇ? ಸಾಧ್ಯವೇ ಇಲ್ಲ.

ಬಂತು.

ತಂದವನು ಅಮ್ಮಾನಿನ ವ್ಯಾಪಾರಿ. ಹಳೇ ಕಾರಿನ ಬಿಡಿಭಾಗ ಮಾರಿ ಮಾರಿ ನಮ್ಮವರಿಗಿಂತ ಚೆನ್ನಾಗಿ ಹಿಂದಿ ಮಾತಾಡುತ್ತಿದ್ದ. ಪಿಸ್ತೂಲು ಮೇಜಿಗೆ ಬಂತು. ಮಾವ ಕರವಸ್ತ್ರ ಬಿಡಿಸಿ ಹೊದೆಸಲು ಹೋದವರ ಕೈ ಗಾಳಿಯಲ್ಲೇ ನಿಂತಿತು. ನಾನು ಬಗ್ಗಿ ನೋಡಿದೆ. ಹಿಡಿಯ ಒಂದು ಬದಿಯಲ್ಲಿ ಕಪ್ಪು ಪ್ಲಾಸ್ಟಿಕ್, ಯೋಧನ ಮುಖ. ಇನ್ನೊಂದು ಬದಿಯಲ್ಲಿ ಕಂದು ಬಣ್ಣದ ಉಬ್ಬು, ಎಣ್ಣೆ ಹಚ್ಚಿದಂಥ ಹೊಳಪು, ಅರದ ಗೀರುಗಳು. ಚಿಪ್ಪು! ತೆಂಗಿನ ಚಿಪ್ಪು!

"ಇದೇನಿದು, ಪಾತ್ರೆ ಅಂಗಡಿಯ ಪಿಸ್ತೂಲಾ?" ಎಂದು ಯಾರೋ ನಕ್ಕರು. ವ್ಯಾಪಾರಿ ಕಥೆ ಶುರು ಮಾಡಿದ. ಅವನ ದೊಡ್ಡಪ್ಪನ ಮಗ ಆ ಯುದ್ಧದಲ್ಲಿದ್ದನಂತೆ. ಕುವೈತಿನಿಂದ ಹೊರಡುವ ರಸ್ತೆಯಲ್ಲಿ ಒಬ್ಬ ಅಧಿಕಾರಿ ಸತ್ತು ಬಿದ್ದಿದ್ದನಂತೆ. ಅವನ ಕೈಯಿಂದ ತೆಗೆದದ್ದಂತೆ.

ಎಲ್ಲರೂ ಮಾವನ ಕಡೆ ತಿರುಗಿದರು. ಪ್ರಶ್ನೆ ಬರಲಿಲ್ಲ. ದೇವರಿಗೇ ಬೆವರು ಬಿಡಿಸಿದ ಆ ಬಾಯಿ ಸ್ವಲ್ಪ ತೆರೆದಿತ್ತು, ಅಷ್ಟೇ. ಬಿಳಿ ಕರವಸ್ತ್ರ ಮುಷ್ಟಿಯೊಳಗೆ ಮುದುಡಿತ್ತು. ಅರಬಾಬ್ ಕಪಾಟಿನ ಬೀಗದ ಕೈ ಹುಡುಕತೊಡಗಿದರು.

ನನಗೆ ಏನಾಯಿತೋ ಗೊತ್ತಿಲ್ಲ. ಎದ್ದು ನಿಂತೆ. ಮಾವನ ಕೈಯಿಂದ ಕರವಸ್ತ್ರ ತೆಗೆದು ಪಿಸ್ತೂಲಿನ ಮೇಲೆ ಹೊದೆಸಿದೆ.

"ಯಾರಿಂದ?" ಎಂದೆ.

"ಹೇಳಿದೆನಲ್ಲ, ಅಧಿಕಾರಿ. ಕನ್ನಡಕದವನು. ಕನ್ನಡಕದ ಕಾಲಿಗೆ ದಾರ ಕಟ್ಟಿದ್ದ."

ಮಾವ ಕಣ್ಣು ಮುಚ್ಚಿದರು. ಆದರೆ ನನ್ನ ಬಾಯಿ ನಿಲ್ಲಲಿಲ್ಲ.

"ನೀವು ನೋಡಿದ್ರಾ?"

"ಇಲ್ಲ ಇಲ್ಲ, ನಾನೆಲ್ಲಿ ನೋಡಲಿ! ಅಣ್ಣ ಹೇಳಿದ್ದು."

"ನಿಮ್ಮ ಅಣ್ಣ ಬಹಳ ಸೂಕ್ಷ್ಮದವರು. ಇನ್ನೇನು ಹೇಳಿದ್ರು?"

ಹೊಗಳಿದರೆ ವ್ಯಾಪಾರಿ ಉಬ್ಬದೆ ಇರುತ್ತಾನೆಯೇ? "ಎಲ್ಲ ಹೇಳಿದ್ದಾನೆ. ಪಾಪ, ಮುದುಕ. ತಲೆಯೆಲ್ಲ ಹತ್ತಿಯ ಹಾಗೆ ಬಿಳಿ."

ಬಿಳಿ! ಆಗಸ್ಟಿನಲ್ಲಿ ಕರ್ರಗಿದ್ದ ತಲೆ ಫೆಬ್ರವರಿಗೆ ಹತ್ತಿಯಾಗುವುದು ಹೇಗೆ?

"ಮೀಸೆ?"

"ಅದೂ ಬಿಳಿ."

"ಹಲ್ಲಿನ ಮಧ್ಯೆ ಸಂದು ಇತ್ತೋ?"

"ಸಂದು ಎಲ್ಲಿಂದ ಬರಬೇಕು, ಎಲ್ಲ ಕಟ್ಟಿಸಿದ ಹಲ್ಲು. ಮಾತಾಡುವಾಗ ಟಕಟಕ ಅನ್ನುತ್ತಿತ್ತು."

ಇಷ್ಟು ವರ್ಷ ವಾದ ಕಲಿತದ್ದು ಈ ಒಂದು ವಾಕ್ಯಕ್ಕಾಗಿಯೇ ಇರಬೇಕು.

"ಸತ್ತು ಬಿದ್ದವನು ಮಾತಾಡಿದ್ದು ಯಾರ ಹತ್ತಿರ?"

ವ್ಯಾಪಾರಿ ನನ್ನನ್ನು ನೋಡಿದ, ಅರಬಾಬ್‌ರನ್ನು ನೋಡಿದ, ಬಾಗಿಲನ್ನು ನೋಡಿದ. ನೀರು ಕುಡಿಯಲು ಹೋಗುವ ದಾರಿಯಲ್ಲಿ ನಾನೇ ನಿಂತಿದ್ದೆ.

"ಖಲಾಸ್," ಎಂದ ಕೈ ಎತ್ತಿ. "ಅಮ್ಮಾನಿನಲ್ಲಿ ನಾನೇ ಕೊಂಡದ್ದು. ಅವನಿಂದಲೇ. ನಮ್ಮ ಬೀದಿಯಲ್ಲಿ ಮಕ್ಕಳಿಗೆ ಪಾಠ ಹೇಳ್ತಾನೆ. ಕೊಡುವಾಗ ಅರ್ಧ ಗಂಟೆ ತಲೆ ತಿಂದ. ಈ ಹಿಡಿ ಮಾಡಿದ್ದು ಒಬ್ಬ ಹಿಂದಿಯಂತೆ, ನಿಮ್ಮ ದೇಶದವನು, ಹೆಂಡತಿಯ ಚಮಚ ಮುರಿದು ಮಾಡಿದನಂತೆ, ಅವನ ಊರಲ್ಲಿ ಜೂನ್ ತಿಂಗಳು ಮಳೆಯಂತೆ! ಅದನ್ನೆಲ್ಲ ಹೇಳಿದರೆ ಪಿಸ್ತೂಲು ಯಾರು ಕೊಳ್ತಾರೆ ಸ್ವಾಮಿ?"

ಮಾವ ಎದ್ದರು. ಕರವಸ್ತ್ರ ಸರಿಸಿ, ಚಿಪ್ಪಿನ ಮೇಲೆ ಹೆಬ್ಬೆರಳು ಆಡಿಸಿದರು. ಅವರು ಒಂದು ಪಿಸ್ತೂಲನ್ನು ಮುಟ್ಟಿದ್ದು ನಾನು ನೋಡಿದ್ದು ಅದೊಂದೇ ಸಲ.

"ಅಸ್ಲಿಯಾ, ನಕ್ಲಿಯಾ?" ಕೇಳಿದರು ಅರಬಾಬ್, ಬೀಗದ ಕೈ ಹಿಡಿದು.

"ನಕಲಿ ಅರಬಾಬ್! ನೂರಕ್ಕೆ ನೂರು ನಕಲಿ!" ಎಂದರು ಮಾವ. "ಇದು ಸೆರೆ ಸಿಕ್ಕಿದ್ದಲ್ಲ. ಸಿಕ್ಕಿದ್ದೇ ಅಲ್ಲ!" ಎಂದು ಅದೇ ಕರವಸ್ತ್ರದಲ್ಲಿ ಕಣ್ಣು ಒರೆಸಿಕೊಂಡರು. ಕೆನ್ನೆಗೆ ಪಿಸ್ತೂಲಿನ ಎಣ್ಣೆ ಮೆತ್ತಿತು. ಅರಬಾಬ್ ಬೀಗದ ಕೈ ಜೇಬಿಗೆ ಹಾಕಿ, ಖಾಲಿ ಕಪಾಟಿನ ಗಾಜನ್ನು ತೋಳಿನಿಂದ ಒಮ್ಮೆ ಒರೆಸಿದರು.

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಮಾವ ತುಳುವಿನಲ್ಲಿ ಕೂಗಿದರು.

"ಕೇಳ್ತಾ? ಮಾಷ್ಟ್ರು ಹಲ್ಲು ಕಟ್ಟಿಸಿದ್ದಾರಂತೆ!"

ಅತ್ತೆ ಬಾಗಿಲಿಗೆ ಬಂದರು. "ಅಯ್ಯೋ, ಆ ಸಂದು ಚಂದ ಇತ್ತು," ಎಂದು ಒಳಗೆ ಹೋದರು. ಕಾಯಿ ಒಡೆದ ಸದ್ದಾಯಿತು. ಕಾಯಿ ಹೆರೆದ ಸದ್ದೂ ಆಯಿತು. ಹೊರಗೆ ಬಂದಾಗ ಒಂದು ಕೈಯಲ್ಲಿ ಅರ್ಧ ಚಿಪ್ಪು, ಇನ್ನೊಂದರಲ್ಲಿ ಆ ಬಿದಿರಿನ ಹಿಡಿ.

"ತಕೊಳ್ಳಿ. ಇನ್ನಾದ್ರೂ ಇದಕ್ಕೊಂದು ಚಿಪ್ಪು ಹಾಕಿ ಕೊಡಿ. ನಾನು ಎಷ್ಟು ವರ್ಷ ಅಂತ ಸ್ಟೀಲ್ ಸೌಟಲ್ಲಿ ಬಡಿಸೂದು?"

ಮಾವ ನೆಲದ ಮೇಲೆ ಕೂತು ಅರ ಹಿಡಿದರು. ಊಟದ ಹೊತ್ತಿಗೆ ಸೌಟು ತಯಾರು. ಹಿಡಿ ತೂರಿಸಲು ಕೊರೆದ ತೂತು ಕೊಂಚ ದೊಡ್ಡದಾಗಿತ್ತು. ಅತ್ತೆ ಬಡಿಸಿದ ಮೊದಲ ಸೌಟಿನ ಸಾರು ಅರ್ಧ ನನ್ನ ತಟ್ಟೆಗೆ, ಅರ್ಧ ನನ್ನ ಅಂಗಿಗೆ.

ಆಕ್ಷೇಪಣೆ ಎತ್ತಲು ಬಾಯಿ ತೆರೆದೆ. ಮಾವ ಕೈಯಲ್ಲಿ ತುತ್ತು ಹಿಡಿದುಕೊಂಡೇ ನನ್ನ ತೀರ್ಪಿಗಾಗಿ ಕಾಯುತ್ತಿದ್ದರು.

"ಅಸಲಿ ಮಾವ," ಎಂದೆ. "ನೂರಕ್ಕೆ ನೂರು ಅಸಲಿ."